ಹುಂಜ ಮೈಮೇಲೆ ಬಂದರೆ ಓಡಬೇಡಿ, ಒದೆಯಲೂ ಬೇಡಿ

ಉಡುಪಿ, ಮಂಗಳೂರು ಕಡೆಯ ಹಿತ್ತಿಲುಗಳಲ್ಲಿ ಈಗ ಅಪ್ಪಟ ಊರಕೋಳಿ ಕಾಣುವುದು ಕಡಿಮೆ. ಊರ ಹೇಂಟೆಗೆ ಗಿರಿರಾಜ ಎಂಬ ಸುಧಾರಿತ ತಳಿಯ ಹುಂಜ, ಅದರ ಮರಿಗೆ ಪಕ್ಕದ ಮನೆಯ ಅಂಕದ (ಕೋಳಿ ಕಾಳಗದ) ಜಾತಿಯ ಹುಂಜ, ಹೀಗೆ ಬೆರೆತು ಬಂದ ಕೋಳಿಗಳೇ ಜಾಸ್ತಿ. ಸಾಕಲು ಇವು ಒಳ್ಳೆಯವೇ. ತೊಂದರೆ ಶುರುವಾಗುವುದು ಹುಂಜಕ್ಕೆ ಐದಾರು ತಿಂಗಳು ತುಂಬಿದಾಗ. ಅಂಗಳ ಗುಡಿಸುವವರ ಕಾಲಿಗೆ ಹಿಂದಿನಿಂದ ಬಂದು ಒದೆಯುತ್ತದೆ. ಶಾಲೆಗೆ ಹೊರಟ ಮಗುವನ್ನು ಗೇಟಿನವರೆಗೆ ಅಟ್ಟಿಸಿಕೊಂಡು ಹೋಗುತ್ತದೆ. ಆಗ ಮನೆಯಲ್ಲಿ ಒಬ್ಬರು ಓಡುತ್ತಾರೆ, ಒಬ್ಬರು ಒದೆಯುತ್ತಾರೆ, ಇನ್ನೊಬ್ಬರು ಹಿಡಿಸೂಡಿ ಬೀಸುತ್ತಾರೆ. ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ, ಹುಂಜ ಕೆಡುವುದೇ ಇದರಿಂದ.

ಮೊದಲು ಲೆಕ್ಕ ಸರಿ ಮಾಡಿ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ಐದು ಹೇಂಟೆಗೆ ಮೂರು ಹುಂಜ ಇಟ್ಟುಕೊಂಡು ಜಗಳ ನಿಲ್ಲಲಿ ಅಂದರೆ ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಎಲ್ಲವನ್ನೂ ಒಂದೇ ಗೂಡಿಗೆ ತುಂಬಿದಾಗಲಂತೂ ಇನ್ನೂ ಜಾಸ್ತಿ.

ಎರಡನೆಯದು, ಹುಂಜದ ಮರಿಗೆ ಅತಿಯಾದ ಸಲಿಗೆ ಬೇಡ. ಮಕ್ಕಳು ಕೈಯಲ್ಲೇ ಅನ್ನ ತಿನ್ನಿಸಿ ಬೆಳೆಸಿದ ಹುಂಜಕ್ಕೆ ಮನುಷ್ಯರ ಹೆದರಿಕೆಯೇ ಇರುವುದಿಲ್ಲ. ದೊಡ್ಡದಾದ ಮೇಲೆ ಅದು ನಮ್ಮನ್ನೂ ಇನ್ನೊಂದು ಹುಂಜದ ಹಾಗೆ ನೋಡುತ್ತದೆ. ಹೇಂಟೆಗೆ ಬೇಕಾದರೆ ಕೈಯಲ್ಲಿ ಕೊಡಿ, ಹುಂಜಕ್ಕೆ ತಟ್ಟೆಯಲ್ಲೇ ಹಾಕಿ. ಅಂಕದ ಜಾತಿಯ ರಕ್ತ ಇದ್ದರೆ ಜನರ ಮೇಲೆ ಬರುತ್ತದೆ ಎಂಬ ಮಾತನ್ನು ನಂಬಬೇಡಿ. ಆ ಜಾತಿಯನ್ನು ತಲೆಮಾರುಗಳಿಂದ ಕೈಯಲ್ಲಿ ಹಿಡಿದು ಸಾಕಿದ್ದಾರೆ. ಅವು ಇನ್ನೊಂದು ಹುಂಜವನ್ನು ಕಂಡರೆ ಬಿಡುವುದಿಲ್ಲ, ಮನುಷ್ಯರ ಹತ್ತಿರ ಸಾಮಾನ್ಯವಾಗಿ ಸಾಧುವಾಗಿಯೇ ಇರುತ್ತವೆ.

ಈಗ ಎಲ್ಲರೂ ಎಡವುವ ಹಂತ. ಹುಂಜ ಏಕಾಏಕಿ ಹಾರುವುದಿಲ್ಲ, ಮೊದಲೇ ಸೂಚನೆ ಕೊಡುತ್ತದೆ. ಒಂದು ರೆಕ್ಕೆಯನ್ನು ನೆಲಕ್ಕೆ ತಾಗುವಂತೆ ಇಳಿಸಿ, ಅಡ್ಡಡ್ಡ ಹೆಜ್ಜೆ ಹಾಕುತ್ತಾ ನಿಮ್ಮನ್ನು ಸುತ್ತುತ್ತದೆ. ಇಲ್ಲವೇ ಏನೂ ಇಲ್ಲದ ಕಡೆ ಸುಮ್ನೆ ನೆಲ ಕುಕ್ಕುತ್ತಾ ಒಂದೇ ಕಣ್ಣಲ್ಲಿ ನಿಮ್ಮನ್ನೇ ನೋಡುತ್ತಿರುತ್ತದೆ. ಕುತ್ತಿಗೆಯ ಗರಿ ಕೆದರಿತು ಅಂದರೆ ಮುಂದಿನದು ಒದೆತವೇ. ಆಗ ಬೆನ್ನು ತಿರುಗಿಸಬೇಡಿ. ಹಿಂದೆ ಒಂದು ಹೆಜ್ಜೆ ಇಟ್ಟರೂ ಗೆದ್ದೆ ಅಂದುಕೊಳ್ಳುತ್ತದೆ. ನೀವು ಒದ್ದರೆ ಜಗಳಕ್ಕೆ ಒಪ್ಪಿದ ಹಾಗೆ, ಅದು ಮತ್ತೆ ಮತ್ತೆ ಬರುತ್ತದೆ. ನೆಟ್ಟಗೆ ನಿಂತು, ಕೈ ಸ್ವಲ್ಪ ಅಗಲಿಸಿ, ನಿಧಾನವಾಗಿ ಅದರ ಕಡೆಗೇ ನಡೆಯಿರಿ. ಅದು ಬದಿಗೆ ಸರಿದರೆ ನೀವೂ ಅದೇ ಬದಿಗೆ ಹೆಜ್ಜೆ ಹಾಕಿ. ಅದು ಮುಖ ತಿರುಗಿಸಿ ಬೇರೆ ಕೆಲಸಕ್ಕೆ ಹೋಗುವವರೆಗೆ ಬಿಡಬೇಡಿ. ಮೊದಮೊದಲು ಗಂಬೂಟು ಹಾಕಿಕೊಳ್ಳಿ, ಕೈಯಲ್ಲಿ ಒಂದು ಅಡಿಕೆ ಹಾಳೆ ಇರಲಿ. ಹಾಳೆ ಹೊಡೆಯಲು ಅಲ್ಲ, ಕಾಲಿಗೆ ಅಡ್ಡ ಹಿಡಿಯಲು. ಅದು ಹಾರಿದರೂ ಒದೆತ ಹಾಳೆಗೆ ಬೀಳುತ್ತದೆ.

ಹಗಲು ಹೀಗೆ ಮಾಡಿದರೆ ಅರ್ಧ ಕೆಲಸ ಮುಗಿಯಿತು. ಉಳಿದದ್ದು ಕತ್ತಲಾದ ಮೇಲೆ. ಕೋಳಿಗೆ ಕತ್ತಲಲ್ಲಿ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಗೂಡಿನಿಂದ ಹಿಡಿಯುವುದು ಸುಲಭ. ಅಂಗಳದಲ್ಲಿ ಅಟ್ಟಾಡಿಸಿ ಹಿಡಿಯಲು ಹೋಗಬೇಡಿ. ಎರಡು ಕೈಯಿಂದ ರೆಕ್ಕೆಗಳನ್ನು ಮೈಗೆ ಒತ್ತಿ ಎತ್ತಿ, ತಲೆ ನಿಮ್ಮ ಬೆನ್ನ ಕಡೆ ಬರುವಂತೆ ಕಂಕುಳಲ್ಲಿ ಇಟ್ಟುಕೊಳ್ಳಿ. ಅದರ ಎರಡೂ ಕಾಲು ನಿಮ್ಮ ಕೈಬೆರಳುಗಳ ನಡುವೆ ಸಿಕ್ಕಿರಲಿ. ಎದೆಯನ್ನು ಮಾತ್ರ ಬಿಗಿಯಾಗಿ ಒತ್ತಬೇಡಿ. ಕೋಳಿಗೆ ಉಸಿರಾಡಬೇಕಾದರೆ ಎದೆಯ ಮೂಳೆ ಆಡಬೇಕು. ಸಂತೆಯಲ್ಲಿ ಮಾಡುವಂತೆ ತಲೆಕೆಳಗಾಗಿ ನೇತಾಡಿಸುವುದೂ ಬೇಡ. ಹೀಗೆ ಹಿಡಿದುಕೊಂಡೇ ಅಂಗಳದಲ್ಲಿ ಓಡಾಡಿ. ಒದ್ದಾಡುವಾಗ ಕೆಳಗೆ ಬಿಡಲೇಬೇಡಿ. ಮೈ ಸಡಿಲಾಗಿ, ಕುತ್ತಿಗೆ ತಗ್ಗಿದ ಮೇಲೆ ಮೆಲ್ಲ ಗೂಡಿನಲ್ಲೇ ಇಡಿ. ದಿನಾ ಮಾಡಿ. ಮನೆಯ ದೊಡ್ಡವರೆಲ್ಲ ಮಾಡಬೇಕು, ಇಲ್ಲದಿದ್ದರೆ ಒಬ್ಬರಿಗೆ ಮಾತ್ರ ಹೆದರಿ ಉಳಿದವರ ಮೇಲೆ ಹೋಗುತ್ತದೆ.

ಹುಂಜದ ಕಾಲಿನ ಹಿಂಬದಿಯಲ್ಲಿ ಬೆಳೆಯುವ ಮುಳ್ಳು ಉದ್ದವಾಗಿದ್ದರೆ ಇದೇ ಹೊತ್ತಿಗೆ ತುದಿಯನ್ನು ಅರದಿಂದ ಉಜ್ಜಿ ಮೊಂಡು ಮಾಡಿ. ತುದಿ ಮಾತ್ರ. ಒಳಗೆ ಮೂಳೆ ಇದೆ, ರಕ್ತ ಹರಿಯುತ್ತದೆ. ಬಿಸಿ ಆಲೂಗಡ್ಡೆ ಚುಚ್ಚಿ ಮುಳ್ಳಿನ ಚಿಪ್ಪು ಕಳಚುವ ವಿಡಿಯೋಗಳಿವೆ. ದಯವಿಟ್ಟು ಮಾಡಬೇಡಿ, ಕಾಲು ಸುಡುತ್ತದೆ, ಒಳಗಿನ ಹಸಿ ಭಾಗ ಗಾಯವಾಗುತ್ತದೆ. ಕೂಗು ನಿಲ್ಲಿಸಲು ಕುತ್ತಿಗೆಗೆ ಕಟ್ಟುವ ಪಟ್ಟಿಯೂ ಅಷ್ಟೇ. ಸ್ವಲ್ಪ ಬಿಗಿಯಾದರೆ ಉಸಿರು ಕಟ್ಟುತ್ತದೆ, ಸಿಟ್ಟಂತೂ ಕಡಿಮೆ ಆಗುವುದಿಲ್ಲ.

ಯಾರಿಗಾದರೂ ಮುಳ್ಳು ತಾಗಿ ಗಾಯವಾದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಧನುರ್ವಾಯು (ಟೆಟನಸ್) ಚುಚ್ಚುಮದ್ದು ಬೇಕಾ ಎಂದು ಕೇಳಿ. ಕೋಳಿಯಿಂದ ರೇಬಿಸ್ ಬರುವುದಿಲ್ಲ, ಆ ಭಯ ಬೇಡ. ಕಣ್ಣಿನ ಹತ್ತಿರ ತಾಗಿದ್ದರೆ ಮಾತ್ರ ಕಾಯದೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ಇಷ್ಟೆಲ್ಲ ವಾರಗಟ್ಟಲೆ ಮಾಡಿದರೂ ಸಣ್ಣ ಮಕ್ಕಳ ಮುಖಕ್ಕೆ ಹಾರುವ ಹುಂಜ ಇದ್ದರೆ, ಅದನ್ನು ಇಟ್ಟುಕೊಳ್ಳಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಗಿರಿರಾಜದ ಮೈ ಬಂದ ಹುಂಜವಾದರೆ ತೂಕವೂ ಜಾಸ್ತಿ, ಒದೆತವೂ ಜೋರು. ಹಾಗಂತ ಕೋಳಿ ಅಂಕದವರಿಗೆ ಕೊಡಬೇಡಿ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಅದಕ್ಕಿಂತ ಹೆಚ್ಚಾಗಿ, ನಾವೇ ಸಾಕಿದ ಜೀವದ ಕಾಲಿಗೆ ಬಾಳು (ಸಣ್ಣ ಚೂರಿ) ಕಟ್ಟಲು ಬಿಡುವುದು ಸರಿಯಲ್ಲ. ಮನೆಯಲ್ಲೇ ಸಾರು ಮಾಡಿ. ವರ್ಷ ದಾಟಿದ ಹುಂಜದ ಮಾಂಸ ಗಟ್ಟಿ, ಸಣ್ಣ ಉರಿಯಲ್ಲಿ ಹೊತ್ತು ಬೇಯಿಸಿದರೆ ರೊಟ್ಟಿಗೆ ಚೆನ್ನಾಗಿರುತ್ತದೆ.

ಕೊನೆಗೆ ಮರಿ ಮಾಡಿಸುವ ವಿಷಯ. ಹುಂಜದ ಸ್ವಭಾವ ಮರಿಗಳಿಗೂ ಬರುತ್ತದೆ, ಆದ್ದರಿಂದ ಮೈಮೇಲೆ ಬರುವ ಹುಂಜದಿಂದ ಮರಿ ಮಾಡಿಸಬೇಡಿ. ಅದು ಹೋದ ಮರುದಿನವೇ ಸಾಧು ಹುಂಜ ತಂದು ಬಿಟ್ಟರೂ ಕೂಡಲೇ ಮೊಟ್ಟೆ ಕಾವಿಗೆ ಇಡುವಂತಿಲ್ಲ. ಹಳೆಯ ಹುಂಜದ ಬೀಜ ಹೇಂಟೆಯ ಹೊಟ್ಟೆಯಲ್ಲಿ ಎರಡು ಮೂರು ವಾರ ಉಳಿದಿರುತ್ತದೆ. ಅಷ್ಟು ದಿನದ ಮೊಟ್ಟೆಗಳನ್ನು ಅಡುಗೆಗೆ ಬಳಸಿ, ನಾಲ್ಕನೇ ವಾರ ದಾಟಿದ ಮೇಲಿನದ್ದನ್ನು ಕಾವಿಗೆ ಇಡಿ. ಕಾವಿಗೆ ಊರ ಹೇಂಟೆಯನ್ನೇ ಕೂರಿಸಿ, ಗಿರಿರಾಜ ಹೇಂಟೆ ನಂಬಿಕೆಯ ಕಾವಿನವಳಲ್ಲ. 21 ದಿನಕ್ಕೆ ಮರಿ ಹೊರಗೆ ಬರುತ್ತದೆ.