ಗಿಟಾರ್ ಕ್ಯಾಬಿನೆಟ್ಟಿಗೆ ಮೈಕ್ ಇಡೋದು ಹೇಗೆ?

ಮೈಸೂರಿನ ಕುವೆಂಪುನಗರದ ನನ್ನ ಪುಟ್ಟ ರೂಮಿಗೆ ನಾಲ್ಕು ಸ್ಪೀಕರ್‌ಗಳ ಕ್ಯಾಬಿನೆಟ್ (ಸ್ಪೀಕರ್ ಕೂರಿಸಿದ ಪೆಟ್ಟಿಗೆ) ಸುಮ್ನೆ ಜಾಗಕ್ಕೆ ದಂಡ. 12 ಇಂಚಿನ ಒಂದೇ ಸ್ಪೀಕರ್ ಸಾಕು. ಮೈಕ್ ಹೇಗೂ ಒಂದರ ಮುಂದೆ ತಾನೇ ನಿಲ್ಲೋದು? ಪೆಟ್ಟಿಗೆಯ ಹಿಂಬದಿ ಮುಚ್ಚಿದ್ದರೆ ಬೇಸ್ ಬಿಗಿ. ತೆರೆದಿದ್ದರೆ ಸದ್ದು ಹರಡಿ ರೂಮೂ ಸೇರಿಕೊಳ್ಳುತ್ತದೆ. ನನಗಿಷ್ಟ ಸೆಲೆಷನ್ ಕಂಪನಿಯ ಗ್ರೀನ್‌ಬ್ಯಾಕ್ ಸ್ಪೀಕರ್. ಆದರೆ ಅದು ತಡೆಯೋದು 25 ವ್ಯಾಟ್ ಮಾತ್ರ, 50 ವ್ಯಾಟ್ ಆಂಪ್ ಪೂರ್ತಿ ಏರಿಸಿದರೆ ಸುಟ್ಟೀತು. ವಾಲ್ವ್ (ಗಾಜಿನ ಟ್ಯೂಬ್) ಆಂಪ್ ಆದರೆ ಆಂಪ್ ಮತ್ತು ಸ್ಪೀಕರ್‌ನ ಓಮ್ (ವಿದ್ಯುತ್ ತಡೆಯ ಅಳತೆ) ಕೂಡ ಹೊಂದಬೇಕು, 8ಕ್ಕೆ 8.

ಮೈಕ್ ಶೂರ್ ಎಸ್‌ಎಂ57 ಇರಲಿ. ಟಾರ್ಚ್ ಹಾಕಿ ಕ್ಯಾಬಿನೆಟ್ಟಿನ ಮುಂಬದಿಯ ಬಟ್ಟೆಯ ಹಿಂದೆ ಸ್ಪೀಕರ್ ಎಲ್ಲಿದೆ ನೋಡಿ. ನಡುವಿನ ಗುಂಡು ಮುಚ್ಚಳಕ್ಕೆ ನೇರ ಇಟ್ಟರೆ ಸದ್ದು ಕಿವಿಗೆ ಚುಚ್ಚುತ್ತದೆ. ಅಂಚಿನತ್ತ ಸರಿಸಿದಷ್ಟೂ ಮೆತ್ತಗೆ. ನಾನು ಶುರುಮಾಡೋದು ಮುಚ್ಚಳ ಮುಗಿದು ಕೋನ್‌ನ ಕಾಗದ ಶುರುವಾಗುವ ಗೆರೆಯಲ್ಲಿ, ಬಟ್ಟೆಯಿಂದ ಎರಡು ಬೆರಳು ದೂರ. ಇನ್ನೂ ಹತ್ತಿರ ಹೋದರೆ ಬೇಸ್ ಉಬ್ಬುತ್ತದೆ. ದಸರಾದಲ್ಲಿ ಬೀದಿಯ ಮೈಕಾಸುರ ಕೂಗುತ್ತಿದ್ದರೂ ಇಷ್ಟು ಸಮೀಪದ ಮೈಕಿಗೆ ಅದು ಜಾಸ್ತಿ ಕೇಳಿಸದು. ಇಕ್ಯೂ (ಬೇಸ್, ಟ್ರೆಬಲ್ ಹೆಚ್ಚು ಕಡಿಮೆ ಮಾಡುವ ಸಾಧನ) ಮುಟ್ಟುವ ಮೊದಲು ಹೆಡ್‌ಫೋನ್ ಹಾಕಿಕೊಂಡು, ಗೆಳೆಯನ ಕೈಲಿ ಮೈಕನ್ನು ಅರ್ಧರ್ಧ ಇಂಚು ಸರಿಸಿ ಕೇಳಿ.

ಎರಡನೇ ಮೈಕ್ ಇಟ್ಟಾಗ ಒಟ್ಟು ಸದ್ದು ತೆಳ್ಳಗಾಯಿತೇ? ಒಂದರ ಫೇಸ್ ತಿರುಗಿಸಿ, ಅಂದರೆ ಮೈಕನ್ನಲ್ಲ, ಅದರ ಸಿಗ್ನಲ್ಲಿನ ಪ್ಲಸ್-ಮೈನಸ್ ಅದಲುಬದಲು ಮಾಡಿ.