ಊಟ ಆದ ಮೇಲೆ ಹತ್ತು ನಿಮಿಷ ನಡೆಯಿರಿ

ರಾತ್ರಿ ಒಂಬತ್ತಕ್ಕೆ ಉಂಡು, ಟಿವಿ ಮುಂದೆ ಕೂತು, ಹಾಗೇ ಮಲಗುವುದು ನಮ್ಮಲ್ಲಿ ಎಷ್ಟೋ ಮನೆಗಳ ರೂಢಿ. ಶುಗರ್ ಇರುವವರು, ಬಾರ್ಡರ್‌ನಲ್ಲಿ ಇರುವವರು ಮೊದಲು ಬದಲಿಸಬೇಕಾದದ್ದು ಇದನ್ನೇ. ಉಂಡ ಒಂದು ಗಂಟೆಯ ಆಸುಪಾಸಿನಲ್ಲಿ ರಕ್ತದ ಸಕ್ಕರೆ ಏರುತ್ತದೆ. ಆ ಹೊತ್ತಿನಲ್ಲಿ ನಡೆದರೆ ಕಾಲಿನ ಸ್ನಾಯುಗಳು ಇನ್ಸುಲಿನ್‌ಗೆ ಕಾಯದೆ ಗ್ಲುಕೋಸ್ ಎಳೆದುಕೊಳ್ಳುತ್ತವೆ.

ಮೊದಲ ವಾರ ರಾತ್ರಿ ಊಟದ ನಂತರ ಹತ್ತು ನಿಮಿಷ ಸಾಕು. ಬೀದಿ ದೀಪ ಇಲ್ಲ, ನಾಯಿ ಕಾಟ ಜಾಸ್ತಿ ಅಂದರೆ ತಾರಸಿ ಮೇಲೆ ನಡೆಯಿರಿ. ಆಮೇಲೆ ತಿಂಡಿಗೊಂದು, ಮಧ್ಯಾಹ್ನದ ಊಟಕ್ಕೊಂದು ಹತ್ತು ನಿಮಿಷ ಸೇರಿಸಿ. ವಾರದಲ್ಲಿ ಐದು ದಿನ ಹೀಗೆ ಮಾಡಿದರೆ 150 ನಿಮಿಷ ಆಯ್ತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ಹೇಳಿದ ಕನಿಷ್ಠ ಲೆಕ್ಕವೂ ಅಷ್ಟೇ. ಒಂದೇ ಸಲ ಅರ್ಧ ಗಂಟೆ ನಡೆಯಲೇಬೇಕು ಅಂತೇನಿಲ್ಲ.

ಆದರೆ ಸುಮ್ನೆ ಅಡ್ಡಾಡಿದರೆ ಸಾಲದು. ನಡೆಯುತ್ತಾ ಮಾತಾಡಲು ಆಗಬೇಕು, ಹಾಡು ಹೇಳಲು ಹೋದರೆ ಉಸಿರು ಸಾಲಬಾರದು. ಅದೇ ಸರಿಯಾದ ವೇಗ. ಊಟ ಹೊಟ್ಟೆತುಂಬಾ ಆಗಿದ್ದರೆ ಮೊದಲ ಐದು ನಿಮಿಷ ನಿಧಾನವಾಗಿ ನಡೆಯಿರಿ.

ವಾರಕ್ಕೆ ಎರಡು ದಿನ ಸ್ನಾಯುಗಳಿಗೂ ಕೆಲಸ ಕೊಡಿ. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಲ್ಲಿ ಕೂತು, ಕೈ ಊರದೆ ಹತ್ತು ಸಲ ಎದ್ದು ಕೂರಿ. ಕೂರುವಾಗ ದೊಪ್ಪನೆ ಬೀಳದೆ, ನಿಧಾನವಾಗಿ ಇಳಿಯಿರಿ. ಏಳುವಾಗಿನಂತೆ ಇಳಿಯುವಾಗಲೂ ತೊಡೆಗೆ ವ್ಯಾಯಾಮ ಸಿಗುತ್ತದೆ. ಮಂಡಿನೋವು ಇದ್ದರೆ ಕುರ್ಚಿಗೆ ದಿಂಬು ಹಾಕಿ ಎತ್ತರ ಮಾಡಿಕೊಳ್ಳಿ.

ಶುಗರ್ ಇರುವವರು ಪಾದ ನೋಡಿಕೊಳ್ಳಲೇಬೇಕು. ಅಂಗಾಲು ಜೋಮು ಹಿಡಿದಿದ್ದರೆ ಚಪ್ಪಲಿ ಕಚ್ಚಿದ್ದೂ ಗೊತ್ತಾಗುವುದಿಲ್ಲ. ಮನೆಗೆ ಬಂದ ಮೇಲೆ ಬೆರಳ ಸಂದು, ಹಿಮ್ಮಡಿ ನೋಡಿ. ಬಗ್ಗಲು ಆಗದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಬಹುದು. ಬರಿಗಾಲಲ್ಲಿ ನಡೆಯಬೇಡಿ. ಇನ್ಸುಲಿನ್ ಅಥವಾ ಶುಗರ್ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಜೇಬಿನಲ್ಲಿ ಸ್ವಲ್ಪ ಸಕ್ಕರೆ ಇಟ್ಟುಕೊಳ್ಳಿ. ಕೈ ನಡುಗಿ ಬೆವರು ಬಂದರೆ ತಕ್ಷಣ ಬಾಯಿಗೆ ಹಾಕಿ. ಎದೆ ಹಿಡಿದರೆ ಅಲ್ಲೇ ನಿಲ್ಲಿಸಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಹೃದಯದ ತೊಂದರೆ ಇದೆ ಅಂತ ಮೊದಲೇ ಗೊತ್ತಿರುವವರು ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಮೂರು ತಿಂಗಳು ಬಿಡದೆ ನಡೆದ ಮೇಲೆ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಹಿಂದಿನ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಅದರಲ್ಲಿ ಗೊತ್ತಾಗುತ್ತದೆ. ಇಳಿದಿದ್ದರೂ ನೀವಾಗಿಯೇ ಮಾತ್ರೆ ಬಿಡಬೇಡಿ. ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರ ಹೋಗಿ, ಡೋಸ್ ಕಡಿಮೆ ಮಾಡಬಹುದಾ ಅಂತ ಕೇಳಿ.