ಸಚಿವರಿಗೆ ಪ್ರಶ್ನೆ ಬರೆಯುವ ಕೆಲಸ: ಎಂಪಿ ಕಚೇರಿಯಲ್ಲಿ ನನ್ನ ಅನುಭವ

ಕರ್ನಾಟಕದ ಒಬ್ಬ ಲೋಕಸಭಾ ಸದಸ್ಯರ ಕಚೇರಿಯಲ್ಲಿ ನಾನು ಕೆಲಸ ಮಾಡುತ್ತೇನೆ. ನಮ್ಮ ಸಾಹೇಬರ ಹೆಸರಿನಲ್ಲಿ ಸಚಿವರಿಗೆ ಹೋಗುವ ಪ್ರಶ್ನೆಗಳ ಕರಡು ಬರೆಯುವುದು ನನ್ನ ಪಾಲಿಗೆ ಬಂದಿದೆ. ಊರಿಗೆ ಹೋದಾಗ ಈ ಮಾತು ಹೇಳಿದರೆ ಜನ, "ಓಹ್, ಟಿವಿಯಲ್ಲಿ ಕೂಗಾಡ್ತಾರಲ್ಲ, ಅದಾ?" ಅನ್ನುತ್ತಾರೆ. ಅದಲ್ಲ. ನಾನು ಹೇಳುವ ಕೆಲಸ ಟಿವಿಯಲ್ಲಿ ಕಾಣುವುದೇ ಇಲ್ಲ.

ಲೋಕಸಭೆಯಲ್ಲಿ ಒಂದು ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆಗಳು, 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳು ಪಟ್ಟಿಗೆ ಬರುತ್ತವೆ. ಚುಕ್ಕೆ ಇದ್ದರೆ ಸಚಿವರು ಎದ್ದು ನಿಂತು ಉತ್ತರ ಹೇಳಬೇಕು, ಸದಸ್ಯರು ಉಪಪ್ರಶ್ನೆ ಕೇಳಬಹುದು. ಅದು ಬೆಳಿಗ್ಗೆ 11ರಿಂದ 12ರವರೆಗಿನ ಪ್ರಶ್ನೋತ್ತರ ವೇಳೆ. ಗಲಾಟೆ ಇಲ್ಲದ ದಿನವೂ ಆ ಒಂದು ಗಂಟೆಯಲ್ಲಿ ಕೆಲವೇ ಪ್ರಶ್ನೆಗಳು ಮುಗಿಯುತ್ತವೆ. ಚುಕ್ಕೆ ಇಲ್ಲದವಕ್ಕೆ ಲಿಖಿತ ಉತ್ತರ ಮಾತ್ರ. ಸದನದಲ್ಲಿ ಯಾರೂ ಓದುವುದಿಲ್ಲ, ಮೇಜಿನ ಮೇಲೆ ಇಟ್ಟುಬಿಡುತ್ತಾರೆ.

ಸಾಹೇಬರಿಗೆ ಚುಕ್ಕೆ ಪ್ರಶ್ನೆ ಅಂದರೆ ಇಷ್ಟ. ಮಾತಾಡಿದ ವಿಡಿಯೋ ಸಿಗುತ್ತದೆ, ಕ್ಷೇತ್ರದಲ್ಲಿ ಹಂಚಬಹುದು. ತಪ್ಪೇನಿಲ್ಲ. ನನಗೆ ಮಾತ್ರ ಚುಕ್ಕೆ ಇಲ್ಲದ್ದೇ ಇಷ್ಟ. ಮಾತಿನಲ್ಲಿ ಜಾರಿಕೊಳ್ಳುವುದು ಸುಲಭ. ಜಿಲ್ಲಾವಾರು ಅಂಕಿಯ ಅನುಬಂಧ ಒಮ್ಮೆ ಸದನದ ದಾಖಲೆಗೆ ಸೇರಿದರೆ ಅದು ನಾಳೆಯೂ ಇರುತ್ತದೆ, ಮುಂದಿನ ಸರ್ಕಾರ ಬಂದರೂ ಇರುತ್ತದೆ.

ಮೊದಲು ಸಮಯದ ಲೆಕ್ಕ. ಪ್ರಶ್ನೆಗೆ 15 ಪೂರ್ಣ ದಿನಗಳ ಮುಂಚೆ ಸೂಚನೆ ಕೊಡಬೇಕು. ಸಚಿವಾಲಯಗಳನ್ನು ಐದು ಗುಂಪು ಮಾಡಿ ಸೋಮವಾರದಿಂದ ಶುಕ್ರವಾರದವರೆಗೆ ಒಂದೊಂದು ಗುಂಪಿಗೆ ಒಂದೊಂದು ದಿನ ಹಂಚಿರುತ್ತಾರೆ. ಅಧಿವೇಶನದ ದಿನಾಂಕ ಗೊತ್ತಾದ ತಕ್ಷಣ ನಾನು ಮಾಡುವ ಮೊದಲ ಕೆಲಸವೆಂದರೆ ಆ ಪಟ್ಟಿಯನ್ನು ಗೋಡೆಗೆ ಅಂಟಿಸುವುದು. ಯಾವ ಪ್ರಶ್ನೆ ಮೊದಲು ಅಂತ ತೀರ್ಮಾನಿಸುವುದು ಲಾಟರಿ. ಅವರು ಬ್ಯಾಲಟ್ ಅನ್ನುತ್ತಾರೆ. ಒಬ್ಬ ಸದಸ್ಯರಿಗೆ ಒಂದು ದಿನಕ್ಕೆ ಹೆಚ್ಚೆಂದರೆ ಐದು ಪ್ರಶ್ನೆ, ಅದರಲ್ಲಿ ಚುಕ್ಕೆಯದು ಒಂದೇ. ಹಾಗಾಗಿ ಎಷ್ಟೇ ಚೆನ್ನಾಗಿ ಬರೆದರೂ ಅದೃಷ್ಟ ಇಲ್ಲದಿದ್ದರೆ ಪಟ್ಟಿಗೇ ಬರುವುದಿಲ್ಲ. ಬೇಜಾರು ಮಾಡಿಕೊಳ್ಳದೆ ಮುಂದಿನ ವಾರಕ್ಕೆ ಮತ್ತೆ ಹಾಕಬೇಕು, ಅಷ್ಟೇ.

ಇನ್ನು ಲೋಕಸಭೆಯ ನಿಯಮಾವಳಿಯ ನಿಯಮ 41. ಪ್ರಶ್ನೆ ಹೇಗಿರಬೇಕು, ಹೇಗಿರಬಾರದು ಅನ್ನುವುದೆಲ್ಲ ಅದರಲ್ಲಿದೆ. ಸಾಮಾನ್ಯವಾಗಿ 150 ಪದ ಮೀರಬಾರದು. ವಾದ ಇರಬಾರದು, ವ್ಯಂಗ್ಯ ಇರಬಾರದು, ಆರೋಪ ಇರಬಾರದು. ಸಚಿವರ ಅಭಿಪ್ರಾಯ ಕೇಳಬಾರದು. ಕೋರ್ಟಿನಲ್ಲಿರುವ ವಿಷಯ ಬೇಡ. "ಹೀಗಾದರೆ ಏನು ಮಾಡುತ್ತೀರಿ" ಅನ್ನುವ ಊಹೆಯ ಪ್ರಶ್ನೆಯೂ ಬೇಡ.

ಇದು ಸಾಹೇಬರಿಗೆ ಒಗ್ಗುವುದಿಲ್ಲ. ಕ್ಷೇತ್ರದಲ್ಲಿ ಓಡಾಡಿ, ರೈತರ ಹತ್ತಿರ ಬೈಸಿಕೊಂಡು ರಾತ್ರಿ ಫೋನ್ ಮಾಡುತ್ತಾರೆ. "ಇವರಿಗೆ ನಾಚಿಕೆ ಇಲ್ವಾ ಅಂತ ಹಾಕಪ್ಪಾ." ನಾನು, "ಆಗಲಿ ಸರ್, ಯಾವ ಯೋಜನೆ, ಯಾವ ವರ್ಷದ್ದು ಹೇಳಿ" ಅನ್ನುತ್ತೇನೆ. ಅವರು ಸಿಟ್ಟಿನಲ್ಲೇ ಹೇಳುತ್ತಾರೆ. ಆ ಸಿಟ್ಟಿನ ಒಳಗೆ ಇರುವ ಒಂದು ಅಂಕಿಯನ್ನು ಹುಡುಕಿ ತೆಗೆಯುವುದೇ ನನ್ನ ಕೆಲಸ.

ಬೆಳೆ ವಿಮೆಯ ಉದಾಹರಣೆ ತೆಗೆದುಕೊಳ್ಳಿ. ನಮ್ಮ ಕಡೆ ಶೇಂಗಾ ಜಾಸ್ತಿ. ಮಳೆ ಕೈಕೊಟ್ಟರೆ ಜನ ಕಾಯುವುದು ಫಸಲ್ ಬಿಮಾ ದುಡ್ಡಿಗೆ. ಯೋಜನೆ ಶುರುವಾಗಿದ್ದು 2016ರ ಮುಂಗಾರಿನಲ್ಲಿ. ಮುಂಗಾರಿನ ಎಣ್ಣೆಕಾಳು, ಧಾನ್ಯಗಳಿಗೆ ರೈತ ಕಟ್ಟುವುದು ವಿಮಾ ಮೊತ್ತದ 2%. ಉಳಿದ ಕಂತನ್ನು ಕೇಂದ್ರ, ರಾಜ್ಯ ಸೇರಿ ತುಂಬುತ್ತವೆ. ಗ್ರಾಮ ಪಂಚಾಯಿತಿ ಇಲ್ಲವೇ ಹೋಬಳಿ ಮಟ್ಟದಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ ಇಳುವರಿ ಅಳೆಯುತ್ತಾರೆ. ಇಳುವರಿ ಕಡಿಮೆ ಬಂದರೆ ಪರಿಹಾರ.

ಇದರ ಬಗ್ಗೆ ಯಾರಿಗಾದರೂ ತಕ್ಷಣ ಹೊಳೆಯುವ ಪ್ರಶ್ನೆ ಇದು: "ರೈತರಿಗೆ ವಿಮೆ ಹಣ ಸರಿಯಾಗಿ ಸಿಗುತ್ತಿಲ್ಲ ಎಂಬುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು?" ನಮ್ಮ ವಿಧಾನಸೌಧದ ಪ್ರಶ್ನೋತ್ತರಗಳಲ್ಲೂ ಈ ಧಾಟಿ ಧಾರಾಳವಾಗಿ ಸಿಗುತ್ತದೆ. ಎಡಗಡೆ "ಗಮನಕ್ಕೆ ಬಂದಿದೆಯೇ", ಬಲಗಡೆ "ಬಂದಿದೆ". ಮುಗಿಯಿತು. ಅದರ ಕೆಳಗಿನ "ಕ್ರಮಗಳೇನು" ಅನ್ನುವುದು ಅಧಿಕಾರಿಗಳಿಗೆ ಪ್ರಬಂಧ ಬರೆಯಲು ನಾವೇ ಕೊಟ್ಟ ಖಾಲಿ ಹಾಳೆ. ಯೋಜನೆಯ ಉದ್ದೇಶ, ಮಹತ್ವ, ಆಪ್, ಜಾಗೃತಿ ಅಭಿಯಾನ ಎಲ್ಲ ತುಂಬಿ ಕಳಿಸುತ್ತಾರೆ. ಓದಿದ ಮೇಲೆ ಕೈಗೆ ಏನೂ ಸಿಗುವುದಿಲ್ಲ.

ನಾನು ಬರೆಯುವ ಮುಂಚೆ ಒಂದೇ ಯೋಚನೆ ಮಾಡುತ್ತೇನೆ. ಈ ಅಂಕಿ ಈಗ ಯಾರ ಕಂಪ್ಯೂಟರಿನಲ್ಲಿದೆ? ಬೆಳೆ ವಿಮೆಗೆ ರಾಷ್ಟ್ರೀಯ ಪೋರ್ಟಲ್ ಇದೆ. ಅಂದಮೇಲೆ ಜಿಲ್ಲಾವಾರು ಲೆಕ್ಕ ದೆಹಲಿಯಲ್ಲೇ ಇರಬೇಕು. ಆಗ ಪ್ರಶ್ನೆ ಹೀಗಾಗುತ್ತದೆ. (ಅ) ಕಳೆದ ಮೂರು ವರ್ಷಗಳಲ್ಲಿ ಕರ್ನಾಟಕದಲ್ಲಿ ಜಿಲ್ಲಾವಾರು, ಹಂಗಾಮುವಾರು ನೋಂದಣಿಯಾದ ಅರ್ಜಿ, ಮಂಜೂರಾದ ಪರಿಹಾರ, ಪಾವತಿಯಾದದ್ದು, ಬಾಕಿ ಇರುವುದು ಎಷ್ಟು. (ಆ) ಆ ಹಂಗಾಮುಗಳಿಗೆ ರಾಜ್ಯದ ಪಾಲಿನ ಸಬ್ಸಿಡಿ ವಿಮಾ ಕಂಪನಿಗಳಿಗೆ ತಲುಪಿದ ದಿನಾಂಕ ಯಾವುದು. (ಇ) ತಡವಾದ ಪರಿಹಾರಕ್ಕೆ ಕಂಪನಿವಾರು ಕೊಡಿಸಿದ ದಂಡದ ಮೊತ್ತ ಎಷ್ಟು.

ಈ (ಇ) ಸುಮ್ನೆ ಬಂದದ್ದಲ್ಲ. 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಲ್ಲೇ ಇದೆ, ಅವಧಿ ಮೀರಿ ಪರಿಹಾರ ಕೊಟ್ಟರೆ ವಿಮಾ ಕಂಪನಿ ವರ್ಷಕ್ಕೆ 12% ಲೆಕ್ಕದಲ್ಲಿ ದಂಡ ಸೇರಿಸಿ ಕೊಡಬೇಕು ಅಂತ. ಸರ್ಕಾರ ತಾನೇ ಬರೆದ ನಿಯಮ. ಜಾರಿ ಮಾಡಿದ್ದರೆ ಅಂಕಿ ಬರುತ್ತದೆ. ಮಾಡದಿದ್ದರೆ ಸೊನ್ನೆ ಬರುತ್ತದೆ. ಸೊನ್ನೆಯೂ ಒಳ್ಳೆಯ ಉತ್ತರವೇ. (ಆ) ಕೂಡ ಹಾಗೆಯೇ. ತಡ ಆಗಿದ್ದು ಕಂಪನಿಯಿಂದಲೋ ಬೆಂಗಳೂರಿನಿಂದಲೋ ಅಂತ ಒಂದು ದಿನಾಂಕ ಹೇಳಿಬಿಡುತ್ತದೆ. ರಾಜ್ಯದಲ್ಲಿ ನಮ್ಮ ಸಾಹೇಬರ ಪಕ್ಷವೇ ಅಧಿಕಾರದಲ್ಲಿದ್ದರೆ ಈ (ಆ) ಇರಬೇಕಾ ಬೇಡವಾ ಅಂತ ನಮ್ಮಲ್ಲೇ ಚರ್ಚೆ ಆಗುತ್ತದೆ. ಇರಲಿ ಅನ್ನುವುದು ನನ್ನ ವಾದ. ಎಲ್ಲ ಸಲವೂ ನನ್ನ ಮಾತು ನಡೆಯುವುದಿಲ್ಲ ಅನ್ನಿ.

ತಪ್ಪಿಸಿಕೊಳ್ಳುವ ಉತ್ತರಗಳಿಗೂ ಒಂದು ಮಾದರಿ ಇರುತ್ತದೆ. ಕೆಲವು ಅಧಿವೇಶನ ಕಳೆದರೆ ಬಾಯಿಪಾಠವೇ ಆಗುತ್ತದೆ. (ಅ)ಕ್ಕೆ "ಇಲ್ಲ" ಅಂದರೆ, (ಆ)ದಿಂದ (ಈ)ವರೆಗೆ "ಪ್ರಶ್ನೆ ಉದ್ಭವಿಸುವುದಿಲ್ಲ". ಅದಕ್ಕೇ ನಾನು (ಅ)ದಲ್ಲಿ "ಹೌದೇ, ಅಲ್ಲವೇ" ಅನ್ನುವ ಪ್ರಶ್ನೆ ಇಡುವುದೇ ಇಲ್ಲ. "ಪೊಲೀಸ್ ಮತ್ತು ಸಾರ್ವಜನಿಕ ಸುವ್ಯವಸ್ಥೆ ರಾಜ್ಯದ ವಿಷಯ" ಅನ್ನುವುದು ಇನ್ನೊಂದು. ಹೊಸ ರೈಲು ಮಾರ್ಗ ಯಾವಾಗ ಮುಗಿಯುತ್ತದೆ ಅಂತ ಕೇಳಿದರೆ, ಭೂಸ್ವಾಧೀನ, ಅರಣ್ಯ ಅನುಮತಿ, ಭೂಮಿಯ ಸ್ವರೂಪ, ಕಾನೂನು ಸುವ್ಯವಸ್ಥೆ, ಹವಾಮಾನದಿಂದಾಗಿ ವರ್ಷದಲ್ಲಿ ಕೆಲಸಕ್ಕೆ ಸಿಗುವ ತಿಂಗಳು ಇವೆಲ್ಲದರ ಮೇಲೆ ನಿಂತಿದೆ ಅನ್ನುವ ಉದ್ದನೆಯ ವಾಕ್ಯ ಬರುತ್ತದೆ. ದೇಶದ ಯಾವ ಮೂಲೆಯ ಎಂಪಿ ಕೇಳಿದರೂ ಅದೇ ವಾಕ್ಯ.

ಉತ್ತರವನ್ನು ಒಂದೊಂದು ಪದವಾಗಿ ಓದಬೇಕು. 2021ರ ಜುಲೈ 20ರಂದು ಆರೋಗ್ಯ ಸಚಿವಾಲಯ ರಾಜ್ಯಸಭೆಗೆ ಕೊಟ್ಟ ಲಿಖಿತ ಉತ್ತರ ನೆನಪಿದೆಯಾ? ಆಮ್ಲಜನಕದ ಕೊರತೆಯಿಂದ ಸತ್ತವರ ಬಗ್ಗೆ ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಅಂತ ಅದರಲ್ಲಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ, ಕೋವಿಡ್ ಹೊತ್ತಿನಲ್ಲಿ, ಆಮ್ಲಜನಕ ಸಿಗದೆ ಆಸ್ಪತ್ರೆಯಲ್ಲಿ ರೋಗಿಗಳು ಸತ್ತ ಚಾಮರಾಜನಗರವನ್ನು ನಾವು ಮರೆತಿಲ್ಲ. ಉತ್ತರ "ಯಾರೂ ಸತ್ತಿಲ್ಲ" ಅನ್ನಲಿಲ್ಲ. "ನಿರ್ದಿಷ್ಟವಾಗಿ ವರದಿ ಮಾಡಿಲ್ಲ" ಅಂದಿತು. ಇಡೀ ಉತ್ತರ ನಿಂತಿದ್ದು ಆ ಒಂದು ಪದದ ಮೇಲೆ. ಅಂಥ ಕಡೆ ಮುಂದಿನ ಪ್ರಶ್ನೆ "ಎಷ್ಟು ಜನ ಸತ್ತರು" ಅಂತಿರಬಾರದು. ವರದಿ ಕಳಿಸಿ ಅಂತ ಕೇಂದ್ರ ಯಾವ ದಿನಾಂಕದಂದು, ಯಾವ ನಮೂನೆಯಲ್ಲಿ ಕೇಳಿತ್ತು, ಯಾವ ರಾಜ್ಯ ಉತ್ತರಿಸಿತು ಅಂತಿರಬೇಕು.

ರಾಜ್ಯದ ವಿಷಯ ಅಂತ ತಳ್ಳಿಹಾಕುವುದಕ್ಕೆ ನಾವು ಕಂಡುಕೊಂಡ ಉಪಾಯ ಇನ್ನೊಂದಿದೆ. ಒಂದೇ ವಿಷಯದ ಮೇಲೆ ದೆಹಲಿಯಲ್ಲಿ ಎಂಪಿ, ಬೆಂಗಳೂರಿನಲ್ಲಿ ಶಾಸಕರು ಜೊತೆಜೊತೆಗೆ ಪ್ರಶ್ನೆ ಹಾಕುವುದು. ರೈಲು ಮಾರ್ಗಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ತುಮಕೂರು-ಚಿತ್ರದುರ್ಗ-ದಾವಣಗೆರೆ ಮಾರ್ಗವನ್ನೇ ನೋಡಿ. 2011-12ರಲ್ಲಿ ಮಂಜೂರಾಯಿತು. ಸುಮಾರು 191 ಕಿ.ಮೀ. ಖರ್ಚು ಕೇಂದ್ರ, ರಾಜ್ಯಕ್ಕೆ ಅರ್ಧರ್ಧ. ಜಮೀನು ಕೊಡಿಸುವ ಹೊಣೆ ರಾಜ್ಯದ್ದು. ಇಂಥ ಯೋಜನೆಯಲ್ಲಿ ದೆಹಲಿಗೆ ಹೋದರೆ ಬೆಂಗಳೂರು ತೋರಿಸುತ್ತಾರೆ, ಬೆಂಗಳೂರಿಗೆ ಹೋದರೆ ದೆಹಲಿ ತೋರಿಸುತ್ತಾರೆ.

ನಾವು ಎರಡೂ ಕಡೆ ಒಂದೇ ಕೋಷ್ಟಕ ಕೇಳುತ್ತೇವೆ. ತಾಲ್ಲೂಕುವಾರು ಬೇಕಾದ ಜಮೀನು ಎಷ್ಟು ಎಕರೆ, ರೈಲ್ವೆಗೆ ಹಸ್ತಾಂತರವಾದದ್ದು ಎಷ್ಟು, ಯಾವ ದಿನಾಂಕಕ್ಕೆ, ಬಾಕಿ ಎಷ್ಟು, ಪರಿಹಾರಕ್ಕೆ ಠೇವಣಿ ಇಟ್ಟ ಹಣ ಎಷ್ಟು. ದೆಹಲಿಯ ಪ್ರಶ್ನೆಗೆ ಮುಂಚೆ ರೈಲ್ವೆ ಬಜೆಟ್ಟಿನ ಪಿಂಕ್ ಬುಕ್ ತೆಗೆದು ಆ ವರ್ಷ ಯೋಜನೆಗೆ ಎಷ್ಟು ಇಟ್ಟಿದ್ದಾರೆ ಅಂತ ನೋಡಿಕೊಳ್ಳುತ್ತೇನೆ. ಅದು ಈಗಾಗಲೇ ಪ್ರಕಟವಾದ ಅಂಕಿ, ಕೇಳಿ ಪ್ರಯೋಜನವಿಲ್ಲ. ಅದರಲ್ಲಿ ಖರ್ಚಾದದ್ದು ಎಷ್ಟು ಅನ್ನುವುದನ್ನು ಕೇಳಬೇಕು. ಎರಡು ಉತ್ತರ ಬಂದ ಮೇಲೆ ಪಕ್ಕಪಕ್ಕ ಇಟ್ಟು ನೋಡಿದರೆ ಎಕರೆಗಳು ಒಂದಕ್ಕೊಂದು ತಾಳೆಯಾಗದ ತಾಲ್ಲೂಕು ಎದ್ದು ಕಾಣುತ್ತದೆ. ಫೈಲು ಸಿಕ್ಕಿಹಾಕಿಕೊಂಡಿರುವುದು ಹೆಚ್ಚಾಗಿ ಅಲ್ಲೇ. ಶಾಸಕರು ಬೇರೆ ಪಕ್ಷದವರಾದರೂ ಪರವಾಗಿಲ್ಲ. ಪಿಎಗಳ ನಡುವೆ ಅಷ್ಟು ಸ್ನೇಹ ಇದ್ದೇ ಇರುತ್ತದೆ.

"ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದ ಮುಂದೆ ಇಡಲಾಗುವುದು" ಅಂತ ಉತ್ತರ ಬಂದರೆ ಹೊಸಬರು ಬೇಸರ ಮಾಡಿಕೊಳ್ಳುತ್ತಾರೆ. ನಾನು ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತೇನೆ. ಅದು ಭರವಸೆ. ಲೋಕಸಭೆಯಲ್ಲಿ 1953ರಿಂದ ಭರವಸೆಗಳ ಸಮಿತಿ ಇದೆ. ಮೂರು ತಿಂಗಳಲ್ಲಿ ಈಡೇರಿಸಬೇಕು ಅನ್ನುವುದು ಲೆಕ್ಕ. ತಡವಾಗುತ್ತದೆ, ಆದರೆ ಸಮಿತಿಯ ಪಟ್ಟಿಯಲ್ಲಿ ಆ ಸಚಿವಾಲಯದ ಹೆಸರು ಬಾಕಿದಾರರಂತೆ ಕೂತಿರುತ್ತದೆ. ಅದು ಅವರಿಗೆ ಕಿರಿಕಿರಿ. ನಮಗೆ ಬೇಕಾದದ್ದೂ ಅದೇ.

ಪ್ರಶ್ನೆಗೆ ಶಕ್ತಿ ಇಲ್ಲ ಅನ್ನುವವರಿಗೆ ನಾನು ಮುಂಧ್ರಾ ಹಗರಣ ನೆನಪಿಸುತ್ತೇನೆ. ಎಲ್‌ಐಸಿ ದುಡ್ಡು ಹರಿದಾಸ್ ಮುಂಧ್ರಾ ಕಂಪನಿಗಳ ಷೇರಿಗೆ ಹೋದ ವಿಷಯ 1957ರಲ್ಲಿ ಲೋಕಸಭೆಯ ಪ್ರಶ್ನೆಗಳಲ್ಲಿ ಮೊದಲು ತಲೆಯೆತ್ತಿತು. ಆಮೇಲೆ ಫಿರೋಜ್ ಗಾಂಧಿ ಚರ್ಚೆಯಲ್ಲಿ ಅದನ್ನು ಬಿಚ್ಚಿಟ್ಟರು. 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ಶಕ್ತಿ ಇದೆ ಅಂತ ಗೊತ್ತಿರುವವರು ಬೇರೆಯವರೂ ಇದ್ದಾರೆ. ನಮ್ಮ ಮೇಲ್‌ಗೆ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ, (ಅ) (ಆ) (ಇ) ಎಲ್ಲ ಹಾಕಿದ ರೆಡಿಮೇಡ್ ಪ್ರಶ್ನೆಗಳು ಬರುತ್ತವೆ. ಯಾವುದೋ ಔಷಧದ ಮೇಲಿನ ಸುಂಕ, ಯಾವುದೋ ಟೆಂಡರಿನ ಷರತ್ತು. ನಮ್ಮ ಕ್ಷೇತ್ರಕ್ಕೂ ಅದಕ್ಕೂ ಏನು ಸಂಬಂಧ ಅಂತ ಒಂದು ಸಾಲು ಬರೆದು ಕಳಿಸಿ ಅನ್ನುತ್ತೇನೆ. ಹೆಚ್ಚಿನವರು ಮತ್ತೆ ಬರುವುದಿಲ್ಲ. 2005ರಲ್ಲಿ ದುಡ್ಡು ತಗೊಂಡು ಪ್ರಶ್ನೆ ಕೇಳಿದ್ದಕ್ಕೆ 11 ಸಂಸದರು ಸದಸ್ಯತ್ವ ಕಳೆದುಕೊಂಡರು. ಪೋರ್ಟಲ್‌ನಲ್ಲಿ ಪ್ರಶ್ನೆ ಹಾಕುವುದು ಸಾಹೇಬರೇ. ನನ್ನದು ಕರಡು ಮಾತ್ರ, ಹಾಗಿರುವುದೇ ಕ್ಷೇಮ.

ಉತ್ತರ ಬಂದ ಮೇಲಿನ ಕೆಲಸಕ್ಕೆ ನಾವು ದಿಶಾ ಸಭೆಯನ್ನು ಬಳಸುತ್ತೇವೆ. ಕೇಂದ್ರದ ಯೋಜನೆಗಳ ಮೇಲೆ ಕಣ್ಣಿಡಲು ಜಿಲ್ಲೆಗೊಂದು ದಿಶಾ ಸಮಿತಿ ಇದೆ, ಅಧ್ಯಕ್ಷರು ಸಂಸದರೇ. ಡಿಸಿ, ಸಿಇಒ, ಎಲ್ಲ ಇಲಾಖೆಯವರು ಕೂತಿರುತ್ತಾರೆ. ಸಭೆಯಲ್ಲಿ ಅಧಿಕಾರಿ ಒಂದು ಅಂಕಿ ಓದುತ್ತಾರೆ. ಸಾಹೇಬರು ಲೋಕಸಭೆಯ ಅನುಬಂಧ ತೆಗೆದು, "ನಿಮ್ಮ ಸಚಿವರು ಇಷ್ಟು ಅಂತ ಹೇಳಿದ್ದಾರಲ್ಲ?" ಅನ್ನುತ್ತಾರೆ. ಆಗ ಆಗುವ ಗಡಿಬಿಡಿ ನೋಡಬೇಕು. ಫೋನ್ ಹೊರಗೆ ಬರುತ್ತವೆ, ತಾಲ್ಲೂಕು ಕಚೇರಿಗೆ ಕರೆ ಹೋಗುತ್ತದೆ. ಬಾಕಿ ಇದ್ದ ಎಷ್ಟೋ ಪಾವತಿ ಹೊರಟಿದ್ದು ಹೀಗೇ.

ನಿಮ್ಮ ಎಂಪಿಗೆ ನೀವೂ ವಿಷಯ ಕಳಿಸಬಹುದು. "ನಮ್ಮೂರಿಗೆ ಅನ್ಯಾಯ ಆಗಿದೆ" ಅಂತ ಎರಡು ಪುಟ ಬರೆದರೆ ನನ್ನಂಥವನಿಗೆ ಏನೂ ಮಾಡಲಾಗುವುದಿಲ್ಲ. ಯೋಜನೆಯ ಹೆಸರು, ಮಂಜೂರಾದ ವರ್ಷ, ಆದೇಶದ ಸಂಖ್ಯೆ, ಯಾವ ಕಚೇರಿಯಿಂದ ಕೊನೆಯ ಪತ್ರ ಬಂತು ಅನ್ನುವುದು ಬೇಕು. ಆರ್‌ಟಿಐ ಉತ್ತರ ಇದ್ದರೆ ಅದರ ಪ್ರತಿ ಸೇರಿಸಿ. ಅದೇ ವಿಷಯಕ್ಕೆ ಹಿಂದೆ ಉತ್ತರ ಬಂದಿದೆಯಾ ಅಂತ ಸಂಸತ್ತಿನ ಜಾಲತಾಣದಲ್ಲಿ ಹುಡುಕಿದರೆ ಇನ್ನೂ ಒಳ್ಳೆಯದು, ಯಾರು ಬೇಕಾದರೂ ನೋಡಬಹುದು. ಅಧಿವೇಶನ ಶುರುವಾಗುವುದಕ್ಕೆ ಒಂದು ತಿಂಗಳಾದರೂ ಮುಂಚೆ ಕಳಿಸಿ. ಅಧಿವೇಶನದ ಕೊನೆಯ ವಾರ ಬಂದ ಪತ್ರ ಎಷ್ಟು ಚೆನ್ನಾಗಿದ್ದರೂ ಮುಂದಿನ ಅಧಿವೇಶನದ ಕಟ್ಟಿಗೆ ಹೋಗುತ್ತದೆ.